ಮಿದುಳಿನ ಹಗಲಿರುಳು

ತಲೆ ತಣ್ಣಗಿರಬೇಕೆಂಬುದು ಬಹು ಹಳೆಯ ನಂಬಿಕೆ. ಚಿಂತೆಗೆ ಕನ್ನಡಿಗರು ಇಟ್ಟ ಹೆಸರೇ ತಲೆಬಿಸಿ; ಮಗುವಿನ ನೆತ್ತಿಗೆ ಹರಳೆಣ್ಣೆ ತಟ್ಟುವ ಅಜ್ಜಿಯ ಉದ್ದೇಶವೂ ತಂಪೇ. ತಲೆಗೆ ಭಾರಿ ಪೆಟ್ಟು ಬಿದ್ದು ಪ್ರಜ್ಞೆಯಿಲ್ಲದೆ ಮಲಗಿದವರ ವಿಷಯದಲ್ಲಿ ವೈದ್ಯರೂ ಬಹುಕಾಲ ಹೀಗೆಯೇ ಎಣಿಸಿದರು. ಫಿಲಡೆಲ್ಫಿಯದ ಶಸ್ತ್ರವೈದ್ಯನಾದ ಟೆಂಪಲ್ ಫೇ ಎಂಬಾತನು 1930ರ ದಶಕದ ಕೊನೆಯಲ್ಲಿಯೇ ರೋಗಿಗಳ ಮೈಯನ್ನು ತಂಪುಗೊಳಿಸುವ ಚಿಕಿತ್ಸೆಗೆ ತೊಡಗಿದನು.

ಇದಕ್ಕೆ ಕಾರಣವಿಲ್ಲದಿರಲಿಲ್ಲ. ಮಿದುಳು ದೇಹದ ತೂಕದಲ್ಲಿ ನೂರಕ್ಕೆ 2 ಪಾಲು. ವಿಶ್ರಾಂತಿಯಲ್ಲಿರುವ ದೇಹವು ವ್ಯಯಿಸುವ ಶಕ್ತಿಯಲ್ಲಾದರೋ ಅದರ ಪಾಲು ಸುಮಾರು 20. ಆ ಒಲೆಯ ಕಾವನ್ನು ಹೊತ್ತೊಯ್ಯುವುದು ನೆತ್ತರು. ಗಾಯದಿಂದ ಮಿದುಳು ಊದಿದಾಗ ಬುರುಡೆಯೊಳಗೆ ಒತ್ತಡವೇರಿ ನೆತ್ತರ ಹರಿವು ಕುಗ್ಗುತ್ತದೆ. ಕಾವನ್ನಿಳಿಸಿದರೆ ಮಿದುಳಿನ ಬೇಡಿಕೆಯೂ ಇಳಿದೀತೆಂಬುದು ತರ್ಕ. ಆದರೆ ತರ್ಕಕ್ಕೆ ಒಪ್ಪಿದುದೆಲ್ಲ ರೋಗಿಗೆ ಒಗ್ಗುವುದಿಲ್ಲ. 2001ರಲ್ಲಿ ಪ್ರಕಟವಾದ ಅಮೆರಿಕದ ಪರೀಕ್ಷೆಯೊಂದರಲ್ಲಿ 392 ಮಂದಿ ಗಾಯಾಳುಗಳಿದ್ದರು. ಅವರಲ್ಲಿ ಸುಮಾರು ಅರ್ಧ ಮಂದಿಯನ್ನು 33 ಡಿಗ್ರಿ ಸೆಲ್ಸಿಯಸ್‌ವರೆಗೆ ತಂಪುಗೊಳಿಸಿದರೂ ಫಲ ಮೇಲಾಗಲಿಲ್ಲ. 2015ರಲ್ಲಿ ಪ್ರಕಟವಾದ ಹಲವು ದೇಶಗಳ ಪರೀಕ್ಷೆಯಲ್ಲಿ ತಂಪುಗೊಳಿಸಿದವರ ಗತಿಯೇ ಹೆಚ್ಚು ಕೆಟ್ಟಿತು. ಜ್ವರವನ್ನು ತಡೆಯುವ ಶುಶ್ರೂಷೆ ಉಳಿಯಿತು. ಶೀತದ ಮೇಲಣ ಮಹದಾಸೆ ಕುಂದಿತು.

ಆರೋಗ್ಯವಂತ ಮಿದುಳಿನ ಕಾವಾದರೂ ಎಷ್ಟು? ಬ್ರಿಟನ್ನಿನ ಸಂಶೋಧಕರು 40 ಮಂದಿ ಆರೋಗ್ಯವಂತರ ಮಿದುಳನ್ನು ಎಂ.ಆರ್. ಯಂತ್ರದಿಂದ ಅಳೆದು 2022ರಲ್ಲಿ ಉತ್ತರವಿತ್ತರು: ಸರಾಸರಿ 38.5 ಡಿಗ್ರಿ. ಆಳದ ಕೆಲವು ಭಾಗಗಳು ಹಗಲಿನಲ್ಲಿ 40ನ್ನೂ ಮೀರುವುವು. ಮೈಗೆ ಜ್ವರವೆನಿಸುವುದು ಮಿದುಳಿಗೆ ಸ್ವಭಾವ! ಈ ಕಾವು ಹಗಲೇರಿ ಇರುಳಿಳಿಯುತ್ತದೆ. ಬುರುಡೆಯೊಳಗೆ ಸೂಕ್ಷ್ಮ ಶಲಾಕೆಯನ್ನಿಟ್ಟು ಗಾಯಾಳುಗಳಿಂದ ಹಿಂದೆ ಪಡೆದಿದ್ದ ಲೆಕ್ಕಗಳನ್ನೂ ಅವರು ಪರಿಶೀಲಿಸಿದರು. ಈ ಏರಿಳಿತವು ಕಾಲುಭಾಗದಷ್ಟು ಮಂದಿಯಲ್ಲಿ ಮಾತ್ರ ಉಳಿದಿತ್ತು. ಅದು ಅಳಿದವರಲ್ಲಿ ಸಾವಿನ ಸಂಭವ ಬಹಳ ಹೆಚ್ಚು. ಅತ್ಯಧಿಕ ಅಥವಾ ಅತ್ಯಲ್ಪ ಕಾವಿನ ಅಂಕಿಯಾದರೋ ರೋಗಿಯ ಗತಿಯನ್ನು ಮುಂತಿಳಿಸಲಿಲ್ಲ.

ಕೋಳಿ ಕೂಗಿದುದರಿಂದ ಬೆಳಗಾಯಿತೆಂದು ನಂಬಿದ ಮುದುಕಿಯ ಕಥೆಯನ್ನು ಇಲ್ಲಿ ಮರೆಯಲಾಗದು. ಏರಿಳಿತವು ಉಳಿವಿನ ಕಾರಣವೋ, ಉಳಿಯಬಲ್ಲ ಮಿದುಳಿನ ಕುರುಹು ಮಾತ್ರವೋ, ಆ ಒಂದು ಅಧ್ಯಯನದಿಂದ ನಿರ್ಧಾರವಾಗುವುದಿಲ್ಲ. ಆದರೂ ತೀವ್ರನಿಗಾ ಕೊಠಡಿಯನ್ನು ನೋಡಿ: ದೀಪ ಆರುವುದಿಲ್ಲ, ಯಂತ್ರಗಳ ಸದ್ದು ನಿಲ್ಲುವುದಿಲ್ಲ, ಆಹಾರವು ನಳಿಗೆಯಲ್ಲಿ ಹೊತ್ತುಗೊತ್ತಿಲ್ಲದೆ ಇಳಿಯುತ್ತದೆ. ಹೊರಗೆ ಕುಳಿತ ತಾಯಿಗೆ ಬೆಳಗು ಬೈಗುಗಳ ಎಣಿಕೆಯೇ ಜೀವ. ಒಳಗಿನ ಮಗನಿಗೆ ಅವೆರಡೂ ಇಲ್ಲ. ಬರಿಯ ಅಂಕಿಯನ್ನು ಕೇಳುತ್ತಿದ್ದ ವೈದ್ಯವು ಇನ್ನು ಅಂಕಿಯ ನಡೆಯನ್ನೂ ಗಮನಿಸಬೇಕಾಗಿದೆ. ರೋಗಿಗೆ ಇರುಳನ್ನು ಹಿಂದಿರುಗಿಸಿದರೆ ಗುಣ ಕಂಡೀತೇ ಎಂಬುದನ್ನು ಪರೀಕ್ಷೆಯೇ ಹೇಳಬೇಕು. ರಾತ್ರಿ ದೀಪವನ್ನು ತಗ್ಗಿಸಲು ದೊಡ್ಡ ವೆಚ್ಚವೇನೂ ಬೇಕಾಗಿಲ್ಲ.