ವಿಧಾನಸೌಧಕ್ಕೆ ಎಷ್ಟು ದಿನದ ಹಾದಿ?

2024ರ ಜುಲೈ ತಿಂಗಳು. ಹಾನಗಲ್ ತಾಲೂಕಿನ ಒಂದು ಹಳ್ಳಿ. ಹೊರಗೆ ಜಿಟಿಜಿಟಿ ಮಳೆ. ಟಿ.ವಿ. ಮುಂದೆ ಕುಳಿತಿದ್ದ ಹುಡುಗಿ ಒಮ್ಮೆಲೇ ಕೂಗಿದಳು: “ಅಜ್ಜಾ, ಇನ್ನ ಮುಂದ ಕಂಪನಿಯೊಳಗ ನಮ್ಮವರಿಗೇ ಎಪ್ಪತ್ತು ಪರ್ಸೆಂಟ್ ನೌಕರಿ ಅಂತ!”

ಡಿಪ್ಲೊಮಾ ಮುಗಿಸಿ ಕೆಲಸದ ದಾರಿ ನೋಡುತ್ತಿದ್ದವಳಿಗೆ ಆ ಸುದ್ದಿ ಸಿಹಿಯಾಗಿತ್ತು. ಖಾಸಗಿ ಉದ್ದಿಮೆಗಳ ಆಡಳಿತ ಹುದ್ದೆಗಳಲ್ಲಿ ಶೇ 50, ಉಳಿದ ಹುದ್ದೆಗಳಲ್ಲಿ ಶೇ 70ರಷ್ಟನ್ನು ಸ್ಥಳೀಯರಿಗೆ ಮೀಸಲಿಡುವ ಮಸೂದೆಗೆ ರಾಜ್ಯ ಸಚಿವ ಸಂಪುಟ ಜುಲೈ 15ರಂದು ಒಪ್ಪಿಗೆ ಕೊಟ್ಟಿತ್ತು. ಅಜ್ಜ ನಿವೃತ್ತ ಶಾಲಾ ಮಾಸ್ತರರು. ಕನ್ನಡಕ ಒರೆಸಿಕೊಳ್ಳುತ್ತ, “ಎರಡು ದಿನ ತಡೀ ಯವ್ವಾ” ಎಂದರು.

ಎರಡೇ ದಿನ ಸಾಕಾಯಿತು. ತಂತ್ರಾಂಶ ಉದ್ದಿಮೆಯ ಸಂಘಟನೆ ನಾಸ್ಕಾಂ ಮಸೂದೆಯನ್ನು ವಿರೋಧಿಸಿತು. ಹೆಸರಾಂತ ಉದ್ಯಮಿಗಳು ಬಹಿರಂಗವಾಗಿಯೇ ಅಸಮಾಧಾನ ತೋಡಿಕೊಂಡರು. 17ರಂದು ಸರ್ಕಾರ ಮಸೂದೆಯನ್ನು ತಡೆಹಿಡಿಯಿತು. ಆ ಮಸೂದೆ ಸರಿಯೋ ತಪ್ಪೋ, ಸಂವಿಧಾನದ ಎದುರು ನಿಲ್ಲುತ್ತಿತ್ತೋ ಇಲ್ಲವೋ ಎಂಬುದು ಬೇರೆಯೇ ಚರ್ಚೆ. ಹುಡುಗಿಯ ಪ್ರಶ್ನೆ ಮಾತ್ರ ಬೇರೆ ಇತ್ತು.

“ನಿಮಗ ಹೆಂಗ ಗೊತ್ತಿತ್ತು ಅಜ್ಜಾ?”

“ಗೊತ್ತಿರಲಿಲ್ಲವ್ವಾ. ಆದ್ರ ಯಾರ ದನಿ ಎಷ್ಟು ದಿನಕ್ಕ ವಿಧಾನಸೌಧ ಮುಟ್ಟತೈತಿ ಅನ್ನೋದು ಒಮ್ಮೆ ಕಣ್ಣಾರೆ ನೋಡೀನಿ. ನಮ್ಮದು ಮುಟ್ಟಾಕ ಏಳು ವರ್ಷ ಬೇಕಾತು.”

ಮಾಸ್ತರರು ಹೇಳಿದ್ದು ಕೂಸನೂರಿನ ಕಥೆ. ಇಂದಿನ ಹಾವೇರಿ ಜಿಲ್ಲೆ ಆಗ ಧಾರವಾಡ ಜಿಲ್ಲೆಯೊಳಗಿತ್ತು. ತುಂಗಭದ್ರೆಯ ದಂಡೆಯ ಕುಮಾರಪಟ್ಟಣದಲ್ಲಿದ್ದ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಗೆ ಕಟ್ಟಿಗೆಯ ತಿರುಳು ಬೇಕಿತ್ತು. ಬಿರ್ಲಾ ಸಮೂಹದ ಆ ಕಾರ್ಖಾನೆಯ ಜೊತೆ ರಾಜ್ಯ ಸರ್ಕಾರ 1984ರ ನವೆಂಬರ್ 14ರಂದು ಒಪ್ಪಂದ ಮಾಡಿಕೊಂಡಿತು. ಅದರಿಂದ ಹುಟ್ಟಿದ್ದು ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್. ಅದರಲ್ಲಿ ಸರ್ಕಾರದ ಪಾಲು ಶೇ 51, ಕಾರ್ಖಾನೆಯದು ಶೇ 49. ನೀಲಗಿರಿ ಬೆಳೆಸಲು ನಾಲ್ಕು ಜಿಲ್ಲೆಗಳ ಸುಮಾರು 30,000 ಹೆಕ್ಟೇರ್ ಭೂಮಿಯನ್ನು 40 ವರ್ಷದ ಗುತ್ತಿಗೆಗೆ ಗೊತ್ತುಮಾಡಲಾಯಿತು. ಬಾಡಿಗೆ ಎಕರೆಗೆ ವರ್ಷಕ್ಕೆ 1 ರೂಪಾಯಿ. ಬೆಳೆದದ್ದರಲ್ಲಿ ಶೇ 87.5 ಕಾರ್ಖಾನೆಗೆ.

ಕಾಗದದ ಮೇಲೆ ಅದು ಸರ್ಕಾರಿ ಭೂಮಿ. ಊರವರಿಗೆ ಅದು ಗಾಯರಾಣ: ದನ ಮೇಯುವ ಜಾಗ, ಒಲೆಗೆ ಕಟ್ಟಿಗೆ, ಬೇಲಿಗೆ ಮುಳ್ಳು. ಸ್ವಂತ ಹೊಲವಿಲ್ಲದವನ ಮನೆಯ ಎಮ್ಮೆ ಆ ಹುಲ್ಲಿನ ಮೇಲೇ ಬದುಕುತ್ತಿತ್ತು. ಒಪ್ಪಂದಕ್ಕೆ ಸಹಿ ಬೀಳುವಾಗ ಆ ಎಮ್ಮೆಯ ಪರವಾಗಿ ಮಾತಾಡುವವರು ಅಲ್ಲಿ ಯಾರೂ ಇರಲಿಲ್ಲ.

ಮುಂದಿನದು ದೀರ್ಘ ಹಾದಿ. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಹಳ್ಳಿಗಳಲ್ಲಿ ಸಭೆ ನಡೆಸಿತು. 1986ರ ಡಿಸೆಂಬರಿನಲ್ಲಿ ಶಿವರಾಮ ಕಾರಂತರ ಹೆಸರು ಮುಂದಿಟ್ಟುಕೊಂಡು ಸುಪ್ರೀಂ ಕೋರ್ಟಿಗೆ ಅರ್ಜಿ ಹೋಯಿತು. 1987ರ ಮಾರ್ಚಿನಲ್ಲಿ ತಡೆಯಾಜ್ಞೆ ಬಂತು. ಅದೇ ವರ್ಷ ನವೆಂಬರ್ 14ರಂದು, ಒಪ್ಪಂದಕ್ಕೆ ಮೂರು ವರ್ಷ ತುಂಬಿದ ದಿನವೇ, ಸುಮಾರು 2,000 ಜನ ಕೂಸನೂರಿನಲ್ಲಿ ಸೇರಿದರು. ಶಾಲೆಯ ಅಂಗಳದಲ್ಲಿ ಅಹಿಂಸೆಯ ಪ್ರತಿಜ್ಞೆ ಮಾಡಿ, ಮೆರವಣಿಗೆಯಲ್ಲಿ ಹೊರಟು, ನೂರರಷ್ಟು ನೀಲಗಿರಿ ಸಸಿ ಕಿತ್ತರು. ಆ ಜಾಗದಲ್ಲಿ ಹಣ್ಣಿನ, ಮೇವಿನ ಗಿಡ ಹಚ್ಚಿದರು. ಕಿತ್ತಿಕೋ-ಹಚ್ಚಿಕೋ ಸತ್ಯಾಗ್ರಹ ಎಂದು ಅದಕ್ಕೆ ಹೆಸರಾಯಿತು. ಅಂದು ಮಾಸ್ತರರ ಕೈಯಲ್ಲೂ ಒಂದು ಸಸಿ ಇತ್ತು.

ಅಲ್ಲಿಗೇ ಮುಗಿಯಲಿಲ್ಲ. 1988ರಲ್ಲಿ ಕೋರ್ಟು ತಡೆಯನ್ನು ಭಾಗಶಃ ಸಡಿಲಿಸಿತು. ಮತ್ತೆ ಸತ್ಯಾಗ್ರಹ, ಮತ್ತೆ ಮನವಿಗಳು. ಕೊನೆಗೆ 1991ರಲ್ಲಿ ಸರ್ಕಾರ ಆ ಕಂಪನಿಯನ್ನು ಮುಚ್ಚಿತು. ಹಳ್ಳಿಯವರ ಮಾತು ವಿಧಾನಸೌಧ ಮುಟ್ಟಲು ಏಳು ವರ್ಷ, ಉದ್ದಿಮೆಯ ಮಾತಿಗೆ ಎರಡು ದಿನ. ಮಾಸ್ತರರ ಲೆಕ್ಕ ಇದೇ.

ಹುಡುಗಿ ಸುಮ್ಮನಾಗಲಿಲ್ಲ. “ಆಗ ಕೀಳಾಕ ಸಸಿಯರ ಇತ್ತು ಅಜ್ಜಾ. ಈಗ?”

ಅವಳ ಮಾತಿನಲ್ಲಿ ತಿರುಳಿತ್ತು. ಈಗ ಬದಲಾಗುವುದು ನೆಲವಲ್ಲ, ಕಾಯ್ದೆಯ ಒಂದು ಸಾಲು. 1948ರ ಕಾರ್ಖಾನೆ ಕಾಯ್ದೆಯಲ್ಲಿ ದಿನದ ದುಡಿಮೆಗೆ 9 ತಾಸಿನ ಮಿತಿ ಇತ್ತು. 2023ರ ಫೆಬ್ರುವರಿಯಲ್ಲಿ ಕರ್ನಾಟಕದ ಶಾಸನಸಭೆ ಅದಕ್ಕೆ ತಿದ್ದುಪಡಿ ತಂದು, ದಿನಕ್ಕೆ 12 ತಾಸಿನವರೆಗೆ ದುಡಿಸಲು ದಾರಿ ಮಾಡಿತು. ವಾರಕ್ಕೆ 48 ತಾಸಿನ ಮಿತಿ ಹಾಗೇ ಉಳಿಯಿತು, ಕಾರ್ಮಿಕರ ಲಿಖಿತ ಒಪ್ಪಿಗೆಯ ಮಾತೂ ಇತ್ತು. ಮಹಿಳೆಯರ ರಾತ್ರಿ ಪಾಳಿಗೂ ಷರತ್ತಿನೊಂದಿಗೆ ಅನುಮತಿ ಸಿಕ್ಕಿತು. ಫಾಕ್ಸ್‌ಕಾನ್ ಮತ್ತು ಆಪಲ್ ಈ ಬದಲಾವಣೆಗಾಗಿ ಒತ್ತಾಯಿಸಿದ್ದವೆಂದು ಲಂಡನ್ನಿನ ಫೈನಾನ್ಶಿಯಲ್ ಟೈಮ್ಸ್ ಪತ್ರಿಕೆ ಮರುತಿಂಗಳು ವರದಿ ಮಾಡಿತು.

ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಶಿಗ್ಗಾಂವ ಕ್ಷೇತ್ರದ ಶಾಸಕರು. ಕೃಷಿ ಸಚಿವ ಬಿ.ಸಿ. ಪಾಟೀಲ ಹಿರೇಕೆರೂರಿನವರು. ಅಧಿಕಾರ ಈ ಸೀಮೆಗೆ ಅಷ್ಟು ಹತ್ತಿರ ಬಂದದ್ದು ಅಪರೂಪ. ಆದರೂ ಸವಣೂರಿನ ಎಲೆ ಬಳ್ಳಿಯ ತೋಟದಲ್ಲಿ, ಹಿರೇಕೆರೂರಿನ ಗೋವಿನಜೋಳದ ಹೊಲದಲ್ಲಿ ದುಡಿದು ಮಕ್ಕಳನ್ನು ಬೆಂಗಳೂರಿನ ಕಾರ್ಖಾನೆಗೆ ಕಳಿಸುವ ಎಷ್ಟು ಪಾಲಕರಿಗೆ ಈ 12 ತಾಸಿನ ಸುದ್ದಿ ಮುಟ್ಟಿತ್ತು? ಆ ಮೇ ತಿಂಗಳಲ್ಲಿ ಸರ್ಕಾರ ಬದಲಾಯಿತು, ಪಕ್ಷ ಬದಲಾಯಿತು. ಹೊಸ ಸರ್ಕಾರ ತಿದ್ದುಪಡಿಯನ್ನು ಹಿಂದಕ್ಕೆ ಪಡೆಯಲಿಲ್ಲ.

ಇದರ ಹಿಂದೆ ಹಣದ ಮಾತೂ ಇದೆ. ಚುನಾವಣೆ ದುಬಾರಿ, ಪಕ್ಷಗಳಿಗೆ ದೇಣಿಗೆ ಬೇಕು. ಕಂಪನಿಗಳು ಪಕ್ಷಗಳಿಗೆ ಹಣ ಕೊಡುವುದನ್ನು 1969ರಲ್ಲಿ ನಿಷೇಧಿಸಲಾಗಿತ್ತು. 1985ರಲ್ಲಿ ಮತ್ತೆ ಬಿಡಲಾಯಿತು. ಲಾಭದ ಇಂತಿಷ್ಟು ಪಾಲು ಮಾತ್ರ ಕೊಡಬಹುದೆಂಬ ಮಿತಿಯನ್ನು 2017ರಲ್ಲಿ ತೆಗೆದುಹಾಕಲಾಯಿತು. 2018ರಲ್ಲಿ ಬಂದ ಚುನಾವಣಾ ಬಾಂಡಿನಲ್ಲಿ ಕೊಟ್ಟವರ ಹೆಸರೇ ಮತದಾರನಿಗೆ ಕಾಣುತ್ತಿರಲಿಲ್ಲ. ಸುಪ್ರೀಂ ಕೋರ್ಟು 2024ರ ಫೆಬ್ರುವರಿ 15ರಂದು ಆ ಯೋಜನೆಯನ್ನು ರದ್ದುಮಾಡಿದ ಮೇಲೆ ಪಟ್ಟಿ ಹೊರಬಂತು. ಹಣ ಪಡೆದವರಲ್ಲಿ ಆಳುವ ಪಕ್ಷವೂ ಇತ್ತು, ವಿರೋಧ ಪಕ್ಷಗಳೂ ಇದ್ದವು.

ಹಾಗೆಂದು ಉದ್ದಿಮೆಯವರು ಮಂತ್ರಿಗಳನ್ನು ಕಾಣುವುದೇ ಅಪರಾಧವಲ್ಲ. ರೈತ ಸಂಘ ಮನವಿ ಕೊಡುತ್ತದೆ, ಶಿಕ್ಷಕರ ಸಂಘ ಕೊಡುತ್ತದೆ, ಕಾರ್ಖಾನೆಯವರೂ ಕೊಡಲಿ. ಕಾರ್ಖಾನೆ ಬಂದರೆ ಊರಿನ ಮಕ್ಕಳಿಗೆ ಅನ್ನವೂ ಬರುತ್ತದೆ. ಆದರೆ ಯಾರು, ಯಾವಾಗ, ಏನು ಕೇಳಿದರು ಎಂಬುದು ನಾಲ್ಕು ಜನರಿಗೆ ಗೊತ್ತಿರಬೇಕು. ಅಮೆರಿಕದಲ್ಲಿ ಹೀಗೆ ಒತ್ತಾಯ ತರುವವರು ಹೆಸರು ನೋಂದಾಯಿಸಬೇಕೆಂಬ ಕಾಯ್ದೆ 1946ರಲ್ಲೇ ಬಂತು. ಅದರಿಂದ ಅಲ್ಲಿ ಎಲ್ಲವೂ ನೆಟ್ಟಗಾಯಿತೆಂದಲ್ಲ. ಕೇಳಿ ತಿಳಿಯಲು ಒಂದು ದಾಖಲೆಯಾದರೂ ಇದೆ. ನಮ್ಮಲ್ಲಿ ಅಂಥ ಕಾಯ್ದೆ ಇಲ್ಲ. ಇರುವುದು 2005ರ ಮಾಹಿತಿ ಹಕ್ಕು ಮತ್ತು ದಿನಪತ್ರಿಕೆ.

ಆಗಸ್ಟಿನಲ್ಲಿ ಹುಡುಗಿಗೆ ಬೆಂಗಳೂರಿನ ಒಂದು ಕಾರ್ಖಾನೆಯಿಂದ ಕರೆ ಬಂತು. ಅವಳ ಅವ್ವ ಒಲೆಯ ಮುಂದಿನಿಂದಲೇ ಕೇಳಿದಳು: “ಮಾವಾರ, ಹನ್ನೆರಡು ತಾಸು ನಿಂತು ಕೆಲಸ ಮಾಡಂದ್ರ ಈಕಿ ಕಾಲು ಉಳಿತಾವೇನ್ರಿ?”

ಮಾಸ್ತರರ ಬಳಿ ಉತ್ತರವಿರಲಿಲ್ಲ. ನೌಕರಿ ಬೇಡ ಎನ್ನುವ ಸ್ಥಿತಿಯಲ್ಲಿ ಮನೆಯೂ ಇರಲಿಲ್ಲ. ಹೊರಡುವ ಮುನ್ನಾದಿನ ಅವರು ಮೊಮ್ಮಗಳನ್ನು ಕೂಡಿಸಿಕೊಂಡು ಹೇಳಿದರು: “ಸೇರೋ ದಿನ ಹತ್ತು ಕಾಗದ ಮುಂದ ಇಡ್ತಾರ ಯವ್ವಾ. ಒಪ್ಪಿಗೆ ಪತ್ರಾನೂ ಅದರಾಗ ಇರತೈತಿ. ಓದಿ ಸಹಿ ಮಾಡು. ತಿಳೀಲಿಲ್ಲಂದ್ರ ಕೇಳು.”

“ಕೇಳಿದ್ರ ನೌಕರಿ ಕೊಡಲಿಲ್ಲಂದ್ರ?”

ಮಾಸ್ತರರು ಬಹಳ ಹೊತ್ತು ಸುಮ್ಮನಿದ್ದರು. “ಒಬ್ಬಾಕೀನ ಕೇಳಬ್ಯಾಡ” ಎಂದರು ಕೊನೆಗೆ. “ಸಂಗಾಟ ಬಂದ ನಾಲ್ಕು ಹುಡುಗ್ಯಾರನ್ನ ಕೂಡಿಸಿಕೊಂಡು ಕೇಳು. ಕೂಸನೂರಿಗೆ ನಾನೂ ಒಬ್ಬನ ಹೋಗಿರಲಿಲ್ಲ.”

ಮರುದಿನ ನಸುಕಿನ ಬಸ್ಸಿಗೆ ಅವಳು ಹೊರಟಳು. ಚೀಲದಲ್ಲಿ ರೊಟ್ಟಿ, ಶೇಂಗಾ ಚಟ್ನಿ. ಅದರ ಮೇಲೆ, ಕಾಗದ ಓದುವಾಗ ಗೆರೆ ಹೊಡೆಯಲೆಂದು ಅಜ್ಜ ಇಟ್ಟಿದ್ದ ಒಂದು ಕೆಂಪು ಪೆನ್ನು.