ವೇಗಕ್ಕೂ ಒಂದು ಜಾಗ

ಬೆಂಗಳೂರಿನಿಂದ ಹೆದ್ದಾರಿ ಹಿಡಿದು ಹೊರಟರೆ ಚೆನ್ನೈ ಮುಟ್ಟುವ ಮೊದಲು ಶ್ರೀಪೆರಂಬುದೂರು ಸಿಗುತ್ತದೆ. ಮೇಲುಕೋಟೆಯಲ್ಲಿ ಕೆಲಕಾಲ ನೆಲೆಸಿದ್ದ ರಾಮಾನುಜಾಚಾರ್ಯರು ಹುಟ್ಟಿದ ಊರು ಅದು. ಅಜ್ಜ ಅಜ್ಜಿಯರು ಅಲ್ಲಿ ಇಳಿದು ಕೈ ಮುಗಿಯುತ್ತಾರೆ. ಮೊಮ್ಮಕ್ಕಳ ಕಣ್ಣರಳಿಸುವ ಜಾಗ ಇನ್ನೂ ಸ್ವಲ್ಪ ಮುಂದಿದೆ. ಅದೇ ಇರುಂಗಾಟ್ಟುಕೋಟೈನ ರೇಸ್ ಟ್ರ್ಯಾಕ್.

ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್‌ನ ಈ ಟ್ರ್ಯಾಕ್ ಶುರುವಾದದ್ದು 1990ರಲ್ಲಿ. ಅದಕ್ಕೂ ಮೊದಲು ಶೋಲಾವರಂ ಎಂಬಲ್ಲಿ, ಹಳೆಯ ವಿಮಾನ ನಿಲ್ದಾಣದ ಓಡುದಾರಿಯ ಮೇಲೆ ರೇಸು ನಡೆಯುತ್ತಿತ್ತು. ಈಗಿನ ಟ್ರ್ಯಾಕಿನ ಉದ್ದ ಸುಮಾರು 3.7 ಕಿಲೋಮೀಟರ್, ತಿರುವುಗಳು 12. ರೇಸ್ ಇಲ್ಲದ ಕೆಲವು ದಿನ ಸಾಮಾನ್ಯ ಸವಾರರೂ ಹಣ ಕಟ್ಟಿ ಇಲ್ಲಿ ಬೈಕ್ ಓಡಿಸಬಹುದು. ಅದಕ್ಕೆ ‘ಟ್ರ್ಯಾಕ್ ಡೇ’ ಎನ್ನುತ್ತಾರೆ. ಬೆಂಗಳೂರಿನಿಂದಲೂ ಅನೇಕರು ಬರುತ್ತಾರೆ.

ಬಂದವರೆಲ್ಲ ನೇರವಾಗಿ ಗಾಡಿ ಹತ್ತಿ ಹಾರುವುದಿಲ್ಲ. ಮೊದಲು ತಪಾಸಣೆ. ಬ್ರೇಕ್, ಚೈನ್, ಟಯರ್ ಸರಿಯಿವೆಯೇ? ಎಣ್ಣೆ ಸೋರುತ್ತಿದೆಯೇ? ಕನ್ನಡಿಗಳನ್ನು ಬಿಚ್ಚಿಸುತ್ತಾರೆ. ಹೆಡ್‌ಲೈಟಿಗೆ ಟೇಪ್ ಅಂಟಿಸುತ್ತಾರೆ. ಬೈಕ್ ಬಿದ್ದರೆ ಗಾಜಿನ ಚೂರು ದಾರಿಗೆ ಚೆಲ್ಲಬಾರದು ನೋಡಿ! ಸವಾರನಿಗೆ ಮುಖವೆಲ್ಲ ಮುಚ್ಚುವ ಹೆಲ್ಮೆಟ್, ದಪ್ಪ ಚರ್ಮದ ಉಡುಪು, ಬೆನ್ನಿಗೆ ರಕ್ಷಾಕವಚ, ಕೈಗವಸು, ಕಣಕಾಲು ಮುಚ್ಚುವ ಬೂಟು. ಬಿದ್ದವನು ಡಾಂಬರಿನ ಮೇಲೆ ಜಾರುತ್ತಾ ಹೋಗುವಾಗ ಸವೆಯಬೇಕಾದ್ದು ಆ ಚರ್ಮ, ಅವನ ಚರ್ಮವಲ್ಲ.

ಆಮೇಲೆ ಪಾಠ. ಇಲ್ಲಿ ಮಾತಿಲ್ಲ, ಬಾವುಟಗಳೇ ಭಾಷೆ. ಹಳದಿ ಬೀಸಿದರೆ ಮುಂದೆ ಅಪಾಯವಿದೆ, ಯಾರನ್ನೂ ಹಿಂದಿಕ್ಕುವಂತಿಲ್ಲ. ಹಳದಿಯಲ್ಲಿ ಕೆಂಪು ಪಟ್ಟೆಗಳಿದ್ದರೆ ದಾರಿ ಜಾರುತ್ತದೆ. ಕೆಂಪು ಬಂದರೆ ಓಟ ನಿಂತಿತು. ನಿಧಾನವಾಗಿ ವಾಪಸ್ ಬರಬೇಕು. ಚೌಕುಳಿ ಬಾವುಟ ಬಂದರೆ ಸರದಿ ಮುಗಿಯಿತು.

ಕನ್ನಡಿ ಇಲ್ಲದ ಮೇಲೆ ಹಿಂದೆ ಬರುವವರು ಕಾಣುವುದು ಹೇಗೆ? ನೋಡಲೇಬೇಕಿಲ್ಲ. ಮುಂದಿನವನು ತನ್ನ ದಾರಿಯಲ್ಲಿ ಹಠಾತ್ತನೆ ಅಡ್ಡ ತಿರುಗದೆ ಸಾಗಬೇಕು. ಅವನನ್ನು ಸುರಕ್ಷಿತವಾಗಿ ದಾಟುವ ಹೊಣೆ ಹಿಂದಿನವನದು. ವೇಗ ತಗ್ಗಿಸಿ ಹೊರಗೆ ಹೋಗುವವನು ಕೈ ಎತ್ತಿ ತೋರಿಸಬೇಕು. ಹೊಸಬರು, ಪಳಗಿದವರು ಬೇರೆ ಬೇರೆ ಗುಂಪಿನಲ್ಲಿ ಇಳಿಯುತ್ತಾರೆ.

ಚೆನ್ನೈ ಬಿಸಿಲೂ ಒಂದು ಅಪಾಯವೇ. ಚರ್ಮದ ಉಡುಪಿನೊಳಗೆ ಮೈ ಬೆವರಿ ಸುಸ್ತಾದರೆ ಬ್ರೇಕ್ ಹಿಡಿಯುವುದು ಒಂದು ಕ್ಷಣ ತಡವಾಗುತ್ತದೆ. ಅದಕ್ಕೇ ಪ್ರತಿ ಸರದಿಯ ನಡುವೆ ನೀರು, ನೆರಳು, ವಿಶ್ರಾಂತಿ. ಸುಸ್ತಾದವನು ಕೊನೆಯ ಸರದಿ ಬಿಟ್ಟು ಕೂತರೆ ಅದು ಸೋಲಲ್ಲ, ಜಾಣತನ.

ಇಷ್ಟೆಲ್ಲ ಇದ್ದೂ ಅಪಾಯ ಪೂರ್ತಿ ಹೋಗುವುದಿಲ್ಲ. 2023ರ ಆಗಸ್ಟ್‌ನಲ್ಲಿ ಇದೇ ಟ್ರ್ಯಾಕಿನಲ್ಲಿ, ರೇಸಿನ ವೇಳೆ ಬಿದ್ದು, ಬೆಂಗಳೂರಿನ 13 ವರ್ಷದ ಪ್ರತಿಭಾವಂತ ಹುಡುಗನೊಬ್ಬ ತೀರಿಕೊಂಡ. ಎಲ್ಲರೂ ಒಂದೇ ದಿಕ್ಕಿಗೆ ಹೋಗುವ, ಆಂಬುಲೆನ್ಸ್ ಕಾದು ನಿಂತಿರುವ ಜಾಗದಲ್ಲೇ ಹೀಗಾದರೆ, ಎದುರಿಗೆ ಲಾರಿ, ಅಡ್ಡಕ್ಕೆ ನಾಯಿ, ನಡುವೆ ಗುಂಡಿ ಇರುವ ನಮ್ಮ ಬೀದಿಯ ಗತಿ ಏನು?

ವೇಗಕ್ಕೆ ಎಲ್ಲಿ ಅನುಮತಿ ಇದೆಯೋ ಅಲ್ಲಿಯೇ ನಿಯಮ ಅತಿ ಬಿಗಿ. ಮಕ್ಕಳೇ, ನಾಳೆ ಮಾವನೋ ಅಣ್ಣನೋ ಬೈಕ್ ತೆಗೆದಾಗ ನೀವೇ ತಪಾಸಣೆ ಮಾಡಿ: ಇಬ್ಬರ ತಲೆಗೂ ಹೆಲ್ಮೆಟ್ ಇದೆಯೇ, ಪಟ್ಟಿ ಬಿಗಿದಿದೆಯೇ? ಇಲ್ಲದಿದ್ದರೆ ಕೆಂಪು ಬಾವುಟ ತೋರಿಸಿ.