ನಲವತ್ತೊಂದನೆಯ ದಿನ

ವ್ರತವನ್ನು ಕೈಗೊಳ್ಳುವಾಗ ಮನುಷ್ಯನು ಅದರ ಆರಂಭದ ದಿನವನ್ನು ಶ್ರದ್ಧೆಯಿಂದ ಗೊತ್ತುಮಾಡಿಕೊಳ್ಳುತ್ತಾನೆ; ಮುಕ್ತಾಯದ ದಿನವನ್ನು ಆಸೆಯಿಂದ ಎದುರುನೋಡುತ್ತಾನೆ. ಆದರೆ ಮುಕ್ತಾಯದ ಮರುದಿನ ತಾನು ಹೇಗಿರಬೇಕೆಂದು ಆಲೋಚಿಸುವವರು ವಿರಳ. ಕಾರ್ಕಳದ ಸಮೀಪದ ಒಂದು ಕ್ರೈಸ್ತ ಮನೆಯಲ್ಲಿ ನಡೆದ ಸಂಗತಿ ಈ ಮರುದಿನಕ್ಕೇ ಸಂಬಂಧಿಸಿದ್ದು. ಅಲ್ಲಿ ಹೆಸರುಗಳಿಗೆ ಪ್ರಾಮುಖ್ಯವಿಲ್ಲ. ಅಂತಹ ಮನೆಗಳು ಎಲ್ಲ ಮತಗಳಲ್ಲಿಯೂ ಇವೆ.

ಆ ಮನೆಯ ಯಜಮಾನರು ಒಂದು ಸಹಕಾರಿ ಸಂಘದಲ್ಲಿ ಗುಮಾಸ್ತರಾಗಿದ್ದರು. ಲೆಕ್ಕದಲ್ಲಿ ಒಂದು ಪೈಸೆಯೂ ತಪ್ಪದವರೆಂದು ಊರಿನಲ್ಲಿ ಅವರಿಗೆ ಒಳ್ಳೆಯ ಹೆಸರಿತ್ತು. ಆದರೆ ಸಂಜೆ ಕಚೇರಿಯ ಬಾಗಿಲು ಮುಚ್ಚಿದ ಮೇಲೆ ಅವರ ಹೆಜ್ಜೆ ನೇರವಾಗಿ ಮನೆಯ ಕಡೆಗೆ ತಿರುಗುತ್ತಿರಲಿಲ್ಲ. ಮದ್ಯದಂಗಡಿಯನ್ನು ಹಾದುಬರುವಾಗ ರಾತ್ರಿ ಒಂಬತ್ತಾಗುತ್ತಿತ್ತು. ಅವರು ಯಾರ ಮೇಲೂ ಕೈಮಾಡಿದವರಲ್ಲ. ಆದರೆ ನಾಲಗೆಗೆ ಲಗಾಮಿರುತ್ತಿರಲಿಲ್ಲ. ಅಂಗಳದಲ್ಲಿ ಅವರ ಚಪ್ಪಲಿಯ ಸದ್ದು ಕೇಳಿದೊಡನೆ ಮಕ್ಕಳು ಪುಸ್ತಕ ಮುಚ್ಚಿ ನಿದ್ರೆ ಬಂದವರಂತೆ ಮಲಗಿಬಿಡುತ್ತಿದ್ದರು. ಹಿರಿಯ ಮಗನು ಓದು ಮುಗಿಸಿದ ವರ್ಷವೇ ಮುಂಬಯಿಗೆ ಹೋದನು. ತಾಯಿಗೆ ಪತ್ರ ಬರೆಯುತ್ತಿದ್ದನು, ತಂದೆಗೆ ಬರೆಯುತ್ತಿರಲಿಲ್ಲ.

ಇಂತಹ ಮನೆಗೆ ವರ್ಷಕ್ಕೊಮ್ಮೆ ತಪಸ್ಸುಕಾಲ ಬರುತ್ತಿತ್ತು. ಕರಾವಳಿಯ ಕೊಂಕಣಿ ಕ್ರೈಸ್ತರು ಇದನ್ನು ‘ಕರೆಜ್ಮ್’ ಎನ್ನುತ್ತಾರೆ. ಯೇಸು ಕ್ರಿಸ್ತರು ಅರಣ್ಯದಲ್ಲಿ ನಲವತ್ತು ದಿನ ನಿರಾಹಾರರಾಗಿ ಪ್ರಾರ್ಥಿಸಿದ್ದರ ನೆನಪಿಗಾಗಿ ಈ ಕಾಲವನ್ನು ಆಚರಿಸಲಾಗುತ್ತದೆ. ಕ್ರಿ.ಶ. 325ರ ನೈಸಿಯಾ ಧರ್ಮಸಭೆಯ ನಿರ್ಣಯಗಳಲ್ಲಿಯೇ ಈ ನಲವತ್ತು ದಿನಗಳ ಉಲ್ಲೇಖವಿದೆ. ವಿಭೂತಿ ಬುಧವಾರದಂದು ಆರಂಭವಾಗಿ ಈಸ್ಟರ್ ಹಬ್ಬದ ಹಿಂದಿನ ದಿನದವರೆಗೆ ನಡೆಯುವ ಈ ಅವಧಿಯಲ್ಲಿ ಒಟ್ಟು 46 ದಿನಗಳಿವೆ; ಭಾನುವಾರಗಳು ಪುನರುತ್ಥಾನದ ಸ್ಮರಣೆಯ ದಿನಗಳಾದುದರಿಂದ ಅವುಗಳನ್ನು ಉಪವಾಸದ ಲೆಕ್ಕಕ್ಕೆ ಸೇರಿಸುವುದಿಲ್ಲ. ಹಿಂದಿನ ವರ್ಷ ಗರಿಗಳ ಭಾನುವಾರದಂದು ಆಶೀರ್ವದಿಸಿದ ಗರಿಗಳನ್ನೇ ಸುಟ್ಟು ಬೂದಿ ಮಾಡಿ, ಧರ್ಮಗುರುಗಳು ಅದನ್ನು ಭಕ್ತರಿಗೆ ಹಚ್ಚುತ್ತಾರೆ. ಮಣ್ಣಿನಿಂದ ಬಂದ ದೇಹ ಮಣ್ಣಿಗೇ ಮರಳುವುದೆಂಬ ಎಚ್ಚರಿಕೆ ಅದರಲ್ಲಿದೆ. ಕಳೆದ ವರ್ಷ ಜಯಘೋಷದಿಂದ ಎತ್ತಿ ಹಿಡಿದ ಗರಿಯೇ ಈ ವರ್ಷದ ಬೂದಿಯಾಗುವುದು ಅರ್ಥಪೂರ್ಣವಾದ ಸಂಗತಿ.

ಪ್ರಾರ್ಥನೆ, ಉಪವಾಸ, ದಾನ ಇವು ಮೂರು ಈ ಕಾಲದ ಅಂಗಗಳು. ಹಿಂದೆ ನಿಯಮಗಳು ಬಹಳ ಕಠಿಣವಾಗಿದ್ದವು. ಮಾಂಸವಲ್ಲದೆ ಮೊಟ್ಟೆ, ಹಾಲು, ಬೆಣ್ಣೆಗಳನ್ನು ಕೂಡ ಬಿಡುತ್ತಿದ್ದ ಕಾಲವಿತ್ತು. ಪೂರ್ವ ದೇಶಗಳ ಆರ್ಥೊಡಾಕ್ಸ್ ಸಂಪ್ರದಾಯದ ಶ್ರದ್ಧಾವಂತರಲ್ಲಿ ಅದು ಇಂದಿಗೂ ಉಳಿದಿದೆ. ಕ್ಯಾಥೋಲಿಕರಲ್ಲಿ 1966ರಲ್ಲಿ ಆರನೆಯ ಪೌಲ್ ಜಗದ್ಗುರುಗಳು ಈ ನಿಯಮಗಳನ್ನು ಸಡಿಲಗೊಳಿಸಿದರು. ಈಗ ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರಗಳಂದು ಒಂದೇ ಪೂರ್ಣ ಊಟವೆಂಬ ಉಪವಾಸವೂ, ಆ ದಿನಗಳಲ್ಲಿ ಮತ್ತು ಈ ಕಾಲದ ಶುಕ್ರವಾರಗಳಲ್ಲಿ ಮಾಂಸವರ್ಜನೆಯೂ ವಿಧಿಯಾಗಿ ಉಳಿದಿವೆ. ಮಿಕ್ಕದ್ದು ಅವರವರ ಅಂತಃಕರಣಕ್ಕೆ ಬಿಟ್ಟದ್ದು. ಆದುದರಿಂದಲೇ ಪ್ರತಿಯೊಬ್ಬನೂ ತನಗೆ ಪ್ರಿಯವಾದ ಒಂದು ವಸ್ತುವನ್ನು ತಾನಾಗಿಯೇ ಆರಿಸಿ ಬಿಡುವ ರೂಢಿ ಬೆಳೆದಿದೆ. ಮಾಂಸವೇ ಪ್ರವೇಶಿಸದ ಮನೆಗಳ ಓದುಗರಿಗೆ ಶುಕ್ರವಾರದ ಮಾಂಸತ್ಯಾಗ ಅಲ್ಪವೆಂದು ತೋರಬಹುದು. ಆದರೆ ತ್ಯಾಗದ ತೂಕವನ್ನು ಬಿಟ್ಟ ವಸ್ತುವಿನಿಂದ ಅಳೆಯಲಾಗದು. ಆ ವಸ್ತು ಮನಸ್ಸನ್ನು ಎಷ್ಟು ಬಿಗಿಯಾಗಿ ಹಿಡಿದಿತ್ತೆಂಬುದರಿಂದ ಅಳೆಯಬೇಕು.

ಈ ಗುಮಾಸ್ತರು ಬಿಡುತ್ತಿದ್ದುದು ಮದ್ಯವನ್ನು. ಹಣೆಗೆ ಬೂದಿ ಬಿದ್ದ ಕ್ಷಣದಿಂದ ಅವರು ಅದನ್ನು ಮುಟ್ಟುತ್ತಿರಲಿಲ್ಲ. ಭಾನುವಾರಗಳ ವಿನಾಯಿತಿಯನ್ನೂ ಅವರು ಬಳಸಿಕೊಂಡವರಲ್ಲ. ಸಂಜೆ ಆರೂವರೆಗೆ ಮನೆ ಸೇರುತ್ತಿದ್ದರು. ದೀಪದ ಮುಂದೆ ಎಲ್ಲರೂ ಕುಳಿತು ಜಪಸರ ಪ್ರಾರ್ಥನೆ ಮಾಡುತ್ತಿದ್ದರು. ಶುಕ್ರವಾರಗಳಂದು ಇಗರ್ಜಿಯಲ್ಲಿ ಶಿಲುಬೆಯ ಹಾದಿಯ ಹದಿನಾಲ್ಕು ಸ್ಥಳಗಳ ಮುಂದೆಯೂ ಮೊಣಕಾಲೂರುತ್ತಿದ್ದರು. ಕಿರಿಯ ಮಗಳಿಗೆ ಗಣಿತ ಹೇಳಿಕೊಡುತ್ತಿದ್ದರು. ಈಸ್ಟರ್ ದಿನ ಮಧ್ಯಾಹ್ನ ನೆಂಟರಿಷ್ಟರು ಕೂಡಿದಾಗ ಶೀಶೆ ಮೇಜಿನ ಮೇಲೆ ಬರುತ್ತಿತ್ತು. ಅಂದಿನಿಂದ ಮತ್ತೆ ಅದೇ ದಾರಿ, ಅದೇ ರಾತ್ರಿ ಒಂಬತ್ತು ಗಂಟೆ.

ಹೀಗೆ ಹದಿನೆಂಟು ವರ್ಷಗಳು ಕಳೆದವು. ಇದರಲ್ಲಿ ಒಂದು ಸೂಕ್ಷ್ಮವಾದ ಅಪಾಯವು ಅಡಗಿತ್ತು. ಯಾರಾದರೂ ಹಿತವಚನ ಹೇಳಿದರೆ ಅವರು, ‘ನಾನು ಕುಡುಕನಲ್ಲ; ಕುಡುಕನಾಗಿದ್ದರೆ ನಲವತ್ತು ದಿನ ಬಿಟ್ಟಿರಲು ಸಾಧ್ಯವಿತ್ತೆ?’ ಎಂದು ಕೇಳುತ್ತಿದ್ದರು. ಪಶ್ಚಾತ್ತಾಪಕ್ಕಾಗಿ ಹುಟ್ಟಿದ ವ್ರತವು ಅವರಿಗೆ ಅರ್ಹತಾಪತ್ರವಾಗಿತ್ತು. ನಲವತ್ತು ದಿನಗಳ ಸಂಯಮ ಉಳಿದ ಮುನ್ನೂರಕ್ಕೂ ಹೆಚ್ಚು ದಿನಗಳ ಅಸಂಯಮಕ್ಕೆ ಜಾಮೀನು ನಿಂತಿತ್ತು. ಅವರು ವ್ರತವನ್ನು ಮುರಿದಿದ್ದರೆ ಒಂದು ವೇಳೆ ಎಚ್ಚರವಾಗುತ್ತಿತ್ತೇನೋ; ಪ್ರತಿ ವರ್ಷವೂ ತಪ್ಪದೆ ಪಾಲಿಸಿದ್ದರಿಂದಲೇ ಎಚ್ಚರವಾಗಲಿಲ್ಲ.

ಒಂದು ಶುಭ ಶುಕ್ರವಾರದ ರಾತ್ರಿ. ಇಗರ್ಜಿಯಿಂದ ಬಂದು ಗಂಜಿ ಉಂಡು ಜಗಲಿಯಲ್ಲಿ ಕುಳಿತಿದ್ದರು. ‘ಇನ್ನೊಂದೇ ದಿನ, ಈ ಸಲವೂ ಉಪವಾಸ ಸಾಂಗವಾಗಿ ಮುಗಿಯಿತು’ ಎಂದು ತೃಪ್ತಿಯಿಂದ ನುಡಿದರು. ಅವರ ಪತ್ನಿ ಅಕ್ಕಿ ಆರಿಸುತ್ತಿದ್ದರು. ಪ್ರತಿ ದಿನ ಊಟದ ಅಕ್ಕಿಯಿಂದ ಒಂದು ಹಿಡಿಯನ್ನು ಬಡವರಿಗೆಂದು ತೆಗೆದಿಡುವುದು ಅವರ ತಪಸ್ಸುಕಾಲದ ಪದ್ಧತಿ. ತಲೆಯೆತ್ತದೆಯೇ ಅವರು ಕೊಂಕಣಿಯಲ್ಲಿ ಮೆಲ್ಲನೆ ಹೇಳಿದರು: ‘ನಿಮಗೆ ಇದು ಉಪವಾಸ. ಈ ಮನೆಗೆ ಇದೇ ಹಬ್ಬ. ನಾಡಿದ್ದು ನಿಮ್ಮ ಹಬ್ಬ. ಆ ದಿನದಿಂದ ನಮ್ಮ ಉಪವಾಸ.’

ಆ ಮಾತಿನಲ್ಲಿ ಕೋಪವಿರಲಿಲ್ಲ, ಕಣ್ಣೀರೂ ಇರಲಿಲ್ಲ. ಅವರು ಮತ್ತೆ ಅಕ್ಕಿಯಲ್ಲಿ ಕಲ್ಲು ಹುಡುಕತೊಡಗಿದರು. ಗುಮಾಸ್ತರು ಉತ್ತರ ಹೇಳಲಾರದೆ ಹೋದರು. ಹದಿನೆಂಟು ವರ್ಷ ಲೆಕ್ಕ ಬರೆದವರಿಗೆ ತಮ್ಮದೇ ಲೆಕ್ಕದ ಇನ್ನೊಂದು ಬದಿಯನ್ನು ಯಾರೋ ಮೊದಲ ಬಾರಿ ತೆರೆದು ತೋರಿಸಿದಂತಾಯಿತು.

ಈಸ್ಟರ್ ಬಂತು. ನೆಂಟರು ಬಂದರು; ಶೀಶೆಯೂ ಬಂತು. ಅವರು ಯಾವ ಘೋಷಣೆಯನ್ನೂ ಮಾಡಲಿಲ್ಲ. ‘ಇಂದು ಬೇಡ’ ಎಂದಷ್ಟೇ ಹೇಳಿದರು. ಅದು ಲೆಕ್ಕದ ನಲವತ್ತೊಂದನೆಯ ದಿನ. ಮರುದಿನವೂ ಅವರು ಹೇಳಿಕೊಂಡದ್ದು ಅದೇ ಮಾತನ್ನು. ಜೀವನಪರ್ಯಂತ ಬಿಡುತ್ತೇನೆಂದು ಹೇಳುವ ಧೈರ್ಯ ಅವರಿಗಿರಲಿಲ್ಲ. ಇಂದು ಬಿಡುತ್ತೇನೆಂದು ಹೇಳುವಷ್ಟು ಶಕ್ತಿ ಮಾತ್ರ ಇತ್ತು. ವರ್ಷಕ್ಕೊಮ್ಮೆ ಬಿಟ್ಟು ರೂಢಿಯಾಗಿದ್ದುದರಿಂದ ಅವರ ದೇಹ ಸಹಕರಿಸಿತು. ಬಹುಕಾಲ ಎಡೆಬಿಡದೆ ವಿಪರೀತವಾಗಿ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯವಾಗಬಹುದಾದುದರಿಂದ ಅಂಥವರು ವೈದ್ಯರ ನೆರವಿನಿಂದಲೇ ಮುಂದುವರಿಯಬೇಕೆಂಬುದನ್ನು ಇಲ್ಲಿ ಮರೆಯಬಾರದು.

ಉಳಿದ ಹಣವನ್ನು ಅನಾಥಾಶ್ರಮಕ್ಕೆ ಕೊಡಬೇಕೆಂದು ಅವರು ಯೋಚಿಸಿದಾಗ ಪತ್ನಿ, ‘ಮೊದಲು ಅಂಗಡಿಯ ಬಾಕಿ ತೀರಲಿ, ಸಾಲ ಇಟ್ಟುಕೊಂಡು ಮಾಡಿದ ದಾನ ಯಾರದು?’ ಎಂದರು. ದಿನಸಿ ಅಂಗಡಿಯ ಯಜಮಾನರು ವೃದ್ಧರಾದ ಜೈನ ಶ್ರಾವಕರು. ವರ್ಷಗಳಿಂದ ಆ ಮನೆಗೆ ಕಡ ಕೊಟ್ಟು, ಒಂದು ದಿನವೂ ಬಾಗಿಲಿಗೆ ಬಂದು ಕೇಳಿದವರಲ್ಲ. ಬಾಕಿಯ ಕೊನೆಯ ಕಂತು ತೀರಿದ ದಿನ ಗುಮಾಸ್ತರು ತಮ್ಮ ಸ್ಥಿತಿಯನ್ನು ಸಂಕೋಚದಿಂದ ತಿಳಿಸಿದರು. ತುಳುನಾಡಿನಲ್ಲಿ ಕ್ಯಾಥೋಲಿಕರನ್ನು ಕರೆಯುವ ರೀತಿಯಲ್ಲಿ ಆ ಹಿರಿಯರು, ‘ಪೊರ್ಬುಗಳೇ, ನಮ್ಮ ಶಾಸ್ತ್ರದಲ್ಲಿ ಇದಕ್ಕೆ ಎರಡು ಹೆಸರುಗಳಿವೆ. ಇಷ್ಟು ದಿನವೆಂದು ಗಡುವಿಟ್ಟು ಬಿಟ್ಟರೆ ಅದು ನಿಯಮ. ಬದುಕಿರುವವರೆಗೆ ಬಿಟ್ಟರೆ ಅದು ಯಮ. ನಿಯಮವನ್ನು ಹೀನವೆಂದು ಯಾರೂ ಹೇಳಲಿಲ್ಲ. ನಡೆಯಲು ಕಲಿಯುವ ಮಗುವಿಗೆ ಅದು ಗೋಡೆ ಇದ್ದಂತೆ. ಆದರೆ ಗೋಡೆಯನ್ನು ಹಿಡಿದುಕೊಂಡೇ ಮುದುಕರಾಗಬಾರದು’ ಎಂದರು. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಈ ವಿಭಾಗವು ಸ್ಪಷ್ಟವಾಗಿದೆ.

ದಾರಿ ಇಳಿಜಾರಾಗಿರಲಿಲ್ಲ. ಏಳನೆಯ ತಿಂಗಳಿನಲ್ಲಿ ತಮ್ಮನ ಮಗಳ ಮದುವೆಯ ಮುನ್ನಾದಿನ, ವಧುವಿಗೆ ತೆಂಗಿನ ಹಾಲು ಹಚ್ಚುವ ‘ರೋಸ್’ ಸಮಾರಂಭದ ಗದ್ದಲದಲ್ಲಿ ಒಬ್ಬರು ಲೋಟವನ್ನು ಕೈಗಿತ್ತರು. ಅವರು ಕುಡಿದರು. ಹಿಂದಿನಂತಾಗಿದ್ದರೆ, ಹೇಗೂ ವ್ರತ ಕೆಟ್ಟಿತೆಂದು ಮುಂದಿನ ವಿಭೂತಿ ಬುಧವಾರದವರೆಗೆ ಸುಮ್ಮನಿರುತ್ತಿದ್ದರು. ಈ ಬಾರಿ ಮರುದಿನ ಬೆಳಗ್ಗೆಯೇ ಇಗರ್ಜಿಗೆ ಹೋಗಿ ಪಾಪನಿವೇದನೆ ಮಾಡಿದರು. ಸಂಜೆ ಆರೂವರೆಗೆ ಮನೆಯಲ್ಲಿದ್ದರು. ಬಿದ್ದವನಿಗೆ ಏಳಲು ಮುಹೂರ್ತ ಬೇಕಿಲ್ಲವೆಂಬುದನ್ನು ಅವರು ಆ ದಿನ ಕಂಡುಕೊಂಡರು.

ಮತ್ತೆ ತಪಸ್ಸುಕಾಲ ಬಂದಾಗ ಅವರಿಗೊಂದು ವಿಚಿತ್ರ ಸಮಸ್ಯೆ ಎದುರಾಯಿತು. ಪ್ರತಿ ವರ್ಷ ಬಿಡುತ್ತಿದ್ದ ವಸ್ತು ಈಗ ಕೈಯಲ್ಲಿರಲಿಲ್ಲ. ಮೀನನ್ನು ಬಿಡಲೇ, ಚಹವನ್ನು ಬಿಡಲೇ ಎಂದು ಯೋಚಿಸಿದರು. ಯಾವುದೂ ಮನಸ್ಸಿಗೆ ಒಪ್ಪಲಿಲ್ಲ. ಕಾಣಿಕೆಯನ್ನು ಹಿಡಿದು ಪೀಠದ ಬಳಿ ನಿಂತವನಿಗೆ ಸಹೋದರನ ಮನಸ್ತಾಪ ನೆನಪಾದರೆ, ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಮೊದಲು ಅವನೊಡನೆ ಸಮಾಧಾನ ಮಾಡಿಕೊಳ್ಳಬೇಕೆಂದು ಯೇಸು ಉಪದೇಶಿಸಿದ್ದರು. ಅದು ಅವರಿಗೆ ಬಾಯಿಪಾಠವಾಗಿದ್ದ ಭಾಗವೇ. ಅದು ತಮಗೆ ಹೇಳಿದ ಮಾತೆಂದು ಮಾತ್ರ ಎಂದೂ ತೋಚಿರಲಿಲ್ಲ. ಅಂದು ರಾತ್ರಿ ಮುಂಬಯಿಯ ಮಗನಿಗೆ ಪತ್ರ ಬರೆಯಲು ಕುಳಿತರು. ಮೂರು ಹಾಳೆಗಳನ್ನು ಹರಿದರು. ಮೊದಲನೆಯದರಲ್ಲಿ ಕಾರಣಗಳಿದ್ದವು, ಎರಡನೆಯದರಲ್ಲಿ ಉಪದೇಶವಿತ್ತು, ಮೂರನೆಯದರಲ್ಲಿ ತಾವು ಬಿಟ್ಟ ದಿನಗಳ ಲೆಕ್ಕವಿತ್ತು. ನಾಲ್ಕನೆಯ ಹಾಳೆಯಲ್ಲಿ ನಾಲ್ಕೇ ಸಾಲುಗಳಿದ್ದವು. ಅದನ್ನು ಅಂಚೆಗೆ ಹಾಕಿದರು. ಮದ್ಯವನ್ನು ಬಿಡುವುದಕ್ಕಿಂತ, ತಾನು ತಂದೆ ಎಂಬ ಹಿರಿಮೆಯನ್ನು ಬಿಡುವುದು ಕಷ್ಟವಾಯಿತೆಂದು ಅವರು ಮುಂದೆ ಪತ್ನಿಯೊಡನೆ ಹೇಳಿಕೊಂಡರು.

ಉತ್ತರ ಬರಲು ಮೂರು ತಿಂಗಳಾಯಿತು. ಅದರಲ್ಲಿ ಕ್ಷಮೆಯ ಮಾತಿರಲಿಲ್ಲ. ಊರಿನಲ್ಲಿ ಮಳೆ ಹೇಗಿದೆ, ಬಾವಿಯ ನೀರು ಮೇಲೆ ಬಂದಿದೆಯೆ ಎಂದು ಕೇಳಿತ್ತು. ಆದರೆ ಲಕೋಟೆಯ ಮೇಲೆ ಮೊದಲ ಬಾರಿಗೆ ತಂದೆಯ ಹೆಸರಿತ್ತು.

ಕ್ರಿ.ಶ. 387ರ ತಪಸ್ಸುಕಾಲದಲ್ಲಿ ಅಂತಿಯೋಕ್ಯ ನಗರದಲ್ಲಿ ಸಂತ ಜಾನ್ ಕ್ರಿಸೋಸ್ತೊಮರು ಪ್ರವಚನ ಮಾಡುತ್ತ, ಬಾಯಿಯೊಂದೇ ಉಪವಾಸ ಮಾಡಿದರೆ ಸಾಲದು, ಕಣ್ಣು, ಕಿವಿ, ಕೈಕಾಲುಗಳೂ ಮಾಡಬೇಕೆಂದರು. ಮಾಂಸವನ್ನು ಬಿಟ್ಟವರು ಮಾತಿನಿಂದ ಬಂಧುಗಳನ್ನು ಕಚ್ಚಿ ತಿನ್ನುವುದನ್ನು ಖಂಡಿಸಿದರು. ಐದನೆಯ ಶತಮಾನದ ಒಂದನೆಯ ಲಿಯೋ ಜಗದ್ಗುರುಗಳು ತಮ್ಮ ತಪಸ್ಸುಕಾಲದ ಉಪದೇಶಗಳಲ್ಲಿ ಆಹಾರತ್ಯಾಗದ ಜೊತೆಗೆ ದಾನವನ್ನೂ ಕ್ಷಮೆಯನ್ನೂ ಒತ್ತಿ ಹೇಳಿದ್ದಾರೆ. ಇವು ಒಂದು ಮತದ ಸೊತ್ತಾಗಿ ಉಳಿಯಬೇಕಾದ ಮಾತುಗಳಲ್ಲ. ವರ್ಷಕ್ಕೊಮ್ಮೆ ಕ್ಷಮೆ ಬೇಡುವ ಸಂಪ್ರದಾಯವುಳ್ಳ ಮನೆಗಳಲ್ಲಿಯೂ, ಲೆಕ್ಕಪತ್ರಗಳ ವ್ಯಾಜ್ಯಗಳಿಂದ ಒಡೆದ ಆಡಳಿತ ಮಂಡಳಿಗಳಲ್ಲಿಯೂ ಅವುಗಳಿಗೆ ಕೆಲಸವಿದೆ. ಉಪವಾಸ ಮಾಡಿದವನು ತನ್ನ ಉಪವಾಸ ಹೇಗೆ ನಡೆಯಿತೆಂದು ತನ್ನನ್ನೇ ಕೇಳಿಕೊಂಡರೆ ಉತ್ತರ ಸಾಮಾನ್ಯವಾಗಿ ಅನುಕೂಲವಾಗಿಯೇ ಬರುತ್ತದೆ. ತನ್ನ ಮನೆಯವರನ್ನು ಕೇಳುವುದು ಲೇಸು.

ಆ ಗುಮಾಸ್ತರು ಈಗಲೂ ಪ್ರತಿ ವರ್ಷ ಬೂದಿಯನ್ನು ಹಚ್ಚಿಸಿಕೊಳ್ಳುತ್ತಾರೆ. ಈ ಸಲ ಏನು ಬಿಟ್ಟಿರಿ ಎಂದು ಯಾರಾದರೂ ಕೇಳಿದರೆ ನಕ್ಕು ಸುಮ್ಮನಾಗುತ್ತಾರೆ. ಸಂಜೆ ಆರೂವರೆಗೆ ಅಂಗಳದಲ್ಲಿ ಚಪ್ಪಲಿಯ ಸದ್ದು ಕೇಳಿದರೆ ಆ ಮನೆಯಲ್ಲಿ ಈಗ ಯಾರೂ ಪುಸ್ತಕ ಮುಚ್ಚುವುದಿಲ್ಲ.